ಮಕರವು ಮೊಸಳೆಯೊ, ಮೇಕೆಯೊ?

ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ನೆರೆಯುವ ವೇಳೆಗೆ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣಗಳ ಮನೆಗಳಲ್ಲಿ ಎಳ್ಳು ಬೀರುವ ಸಡಗರ. ಅಂದು ಸೂರ್ಯನು ಪ್ರವೇಶಿಸುವ ಮಕರವೆಂದರೇನೆಂದು ಮಕ್ಕಳು ಕೇಳಿದರೆ, ಹಿರಿಯರು ಪಂಚಾಂಗದ ಮೊಸಳೆಯನ್ನು ತೋರಿಸುವರು. ಇಂಗ್ಲಿಷ್ ಪತ್ರಿಕೆಯನ್ನೋದುವ ತರುಣರು ಕೊಂಬಿನ ಮೇಕೆಯನ್ನು ತೋರಿಸುವರು. ಇವರಿಬ್ಬರನ್ನೂ ಮೀರಿಸುವ ಮೂರನೆಯ ಪಕ್ಷವೊಂದುಂಟು: ಹನ್ನೆರಡು ರಾಶಿಗಳ ಹೆಸರೂ ವೇದದಲ್ಲಿಯೇ ಹುಟ್ಟಿದುವು, ಪರದೇಶದವರು ಅವನ್ನು ಇಲ್ಲಿಂದ ಒಯ್ದರು ಎಂಬುದು ಅವರ ವಾದ. ಸಭೆಯಲ್ಲಿ ಇದಕ್ಕೆ ಚಪ್ಪಾಳೆ ಸುಲಭ. ಆಧಾರ ಮಾತ್ರ ದುರ್ಲಭ.

ವೇದಗಳಲ್ಲಿ ಕಾಣುವುದು ಕೃತ್ತಿಕಾದಿ ನಕ್ಷತ್ರಗಳು. ವೇದಾಂಗಜ್ಯೋತಿಷವು ಉತ್ತರಾಯಣದ ಆರಂಭವನ್ನು ಹೇಳುವಾಗಲೂ ಶ್ರವಿಷ್ಠಾ ನಕ್ಷತ್ರವನ್ನು ಹೆಸರಿಸುವುದಲ್ಲದೆ ಮಕರವನ್ನಲ್ಲ. ಹೆಗ್ಗಡದೇವನಕೋಟೆಯ ರೈತನ ಬಾಯಲ್ಲಿ ಇಂದಿಗೂ ರೋಹಿಣಿ ಮಳೆ, ಆರಿದ್ರೆ ಮಳೆಗಳುಂಟು. ವೃಷಭದ ಮಳೆಯೆಂಬುದನ್ನು ಕೇಳಿದವರಾರು?

6ನೆಯ ಶತಮಾನದ ವರಾಹಮಿಹಿರನು ‘ಬೃಹಜ್ಜಾತಕ’ದಲ್ಲಿ ಮೇಷಾದಿಗಳಿಗೆ ಕ್ರಿಯ, ತಾವುರಿ, ಜಿತುಮ ಮುಂತಾದ ಹೆಸರುಗಳನ್ನೂ ಕೊಟ್ಟು, ಮಕರವನ್ನು ‘ಆಕೋಕೇರ’ವೆಂದಿರುವನು. ಇದು ಸಂಸ್ಕೃತವಲ್ಲ, ಮೇಕೆಯ ಕೊಂಬುಳ್ಳದ್ದು ಎಂಬರ್ಥದ ಗ್ರೀಕರ ‘ಐಗೋಕೆರೋಸ್’. ಗ್ರೀಕರದೂ ಸ್ವಂತ ಸೊತ್ತಲ್ಲ. ಮುಂದೆ ಮೇಕೆ, ಹಿಂದೆ ಮೀನಾದ ಪ್ರಾಣಿಯನ್ನು ಅವರಿಗಿಂತ ಬಹು ಮೊದಲೇ ಬಾಬಿಲೋನಿನವರು ಕಲ್ಲಿನಲ್ಲಿ ಕೊರೆದಿದ್ದರು. ಯವನರಲ್ಲಿ ಈ ಶಾಸ್ತ್ರವು ನೆಲೆಗೊಂಡಿರುವುದರಿಂದ ಅವರೂ ಋಷಿಗಳಂತೆ ಪೂಜ್ಯರೆಂಬ ಮಾತು ‘ಬೃಹತ್ಸಂಹಿತೆ’ಯಲ್ಲಿಯೇ ಇದೆ. ವರಾಹಮಿಹಿರನು ಸಂಕೋಚವಿಲ್ಲದೆ ಒಪ್ಪಿದ ಋಣವನ್ನು ಅವನ ಹೆಸರಿನಲ್ಲಿಯೇ ಪಂಚಾಂಗ ನೋಡುವವರು ಅಲ್ಲಗಳೆಯುವುದು ವಿಚಿತ್ರವಲ್ಲವೆ?

ಹಾಗೆಂದು ಎಲ್ಲವೂ ಎರವಲೆಂದು ಮೂಗು ಮುರಿಯುವವರ ಮಾತೂ ನಿಲ್ಲದು. ಆಕೃತಿಯು ಅತಿಥಿ, ಹೆಸರು ಮನೆಯದು. ಗ್ರೀಕ್ ಶಬ್ದವನ್ನು ‘ಅಜ’ವೆಂದು ಅನುವಾದಿಸುವುದೇನೂ ಕಷ್ಟವಾಗಿರಲಿಲ್ಲ. ಆದರೆ ಆ ಮೀನಿನ ಬಾಲವನ್ನು ಕಂಡವರಿಗೆ ವರುಣನ ವಾಹನವೂ ಮನ್ಮಥನ ಧ್ವಜಚಿಹ್ನೆಯೂ ಆದ ಮಕರವು ನೆನಪಿಗೆ ಬಂದಿರಬೇಕು. ಈ ಮಕರವು ಕೇವಲ ಮೊಸಳೆಯೂ ಅಲ್ಲ. 13ನೆಯ ಶತಮಾನದ ಸೋಮನಾಥಪುರದ ದೇವಾಲಯದ ಪಟ್ಟಿಕೆಯಲ್ಲಿ ಅದಕ್ಕೆ ಆನೆಯ ಸೊಂಡಿಲು, ಸುರುಳಿಗೊಂಡ ಬಾಲ. ಹಲವು ಪ್ರಾಣಿಗಳನ್ನು ಕೂಡಿಸಿದ ಪರದೇಶದ ರೂಪಕ್ಕೆ ಹಲವು ಪ್ರಾಣಿಗಳನ್ನು ಕೂಡಿಸಿದ ಸ್ವದೇಶದ ಹೆಸರೇ ಒಪ್ಪಿತು.

ಮೇಕೆಯೂ ಪೂರ್ತಿಯಾಗಿ ಮುಳುಗಲಿಲ್ಲ. ವರಾಹಮಿಹಿರನು ರಾಶಿಗಳ ರೂಪವನ್ನು ಹೇಳುವಾಗ ಮಕರಕ್ಕೆ ಜಿಂಕೆಯ ಮುಖವನ್ನು ಕೊಟ್ಟಿರುವನು. ಆ ರಾಶಿಗೆ ‘ಮೃಗ’ವೆಂಬ ಹೆಸರೂ ಇದೆ. ಪಂಚಾಂಗದ ಚಿತ್ರಕಾರರು ಈ ಮುಖವನ್ನೇಕೆ ಅಳಿಸಿದರೋ! ಕಬಿನಿಯ ದಡದಲ್ಲಿ ಬಿಸಿಲು ಕಾಯುವ ಮೊಸಳೆಗಂತೂ ಅಂತಹ ಮುಖವನ್ನು ಕೋಟೆಯವರು ಯಾರೂ ಕಂಡಿಲ್ಲ.