ದಾದಿ ಬಿಡಿಸಿದ ಒಗಟು



ಬೇಸಿಗೆ ರಜೆ ಬಂತೆಂದರೆ ತಾಯಂದಿರ ಗೋಳು ಒಂದೇ: "ಮಗ ಮೊಬೈಲ್ ಬಿಡುವುದಿಲ್ಲ." ನಮ್ಮ ಕಕ್ಕೇರಾದ ಬಿಸಿಲಿನಲ್ಲಿ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಒಳಗಿದ್ದರೆ ದಿನವಿಡೀ ಬಂದೂಕಿನ ಆಟದ ಸದ್ದು. ಕಳೆದ ರಜೆಯಲ್ಲಿ ನಾನು ಸಿಟ್ಟಿನಿಂದ ಮೊಬೈಲನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ. ಮಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ನನ್ನ ತಮ್ಮ ಹಳೆಯ ಲ್ಯಾಪ್‌ಟಾಪ್ ತಂದ. "ಆಪಾ, ಇದರಲ್ಲಿ ತಲೆ ಓಡಿಸದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು" ಎಂದ. ಆಟದ ಹೆಸರು ಮೆಷಿನೇರಿಯಂ. ಚೆಕ್ ದೇಶದ ಅಮಾನಿತಾ ಡಿಸೈನ್ ಎಂಬ ಸಣ್ಣ ತಂಡ 2009ರಲ್ಲಿ ಹೊರತಂದದ್ದು. ತಂಡದ ಹಿರಿಯ ಯಾಕುಬ್ ದ್ವೋರ್ಸ್ಕಿ. ಹೆಸರು ಕೇಳಿ ನಮ್ಮ ಅತ್ತೆಯವರಿಗೆ, ಅಂದರೆ ಮಕ್ಕಳ ದಾದಿಗೆ, ಆಟದ ಮೇಲೆ ಅರ್ಧ ವಿಶ್ವಾಸ ಬಂತು!

ಊರ ಹೊರಗಿನ ಗುಜರಿ ರಾಶಿಯಲ್ಲಿ ಬಿದ್ದ ಪುಟ್ಟ ರೋಬೋಟ್ ತನ್ನ ಕೈಕಾಲು ಹುಡುಕಿ ಜೋಡಿಸಿಕೊಂಡು ಪಟ್ಟಣ ಸೇರಬೇಕು, ದುಷ್ಟರ ಕೈಗೆ ಸಿಕ್ಕ ಗೆಳತಿಯನ್ನು ಬಿಡಿಸಬೇಕು. ಕೈಗೆ ಎಟುಕಿದ್ದನ್ನಷ್ಟೇ ಮುಟ್ಟಬಲ್ಲದು. ಬೇಕಾದಾಗ ಮೈ ಉದ್ದ ಮಾಡಿಕೊಳ್ಳುತ್ತದೆ, ಗಿಡ್ಡ ಮಾಡಿಕೊಳ್ಳುತ್ತದೆ. ಪಾತ್ರಗಳು ಮಾತಾಡುವುದಿಲ್ಲ. ಮನಸ್ಸಿನಲ್ಲಿದ್ದದ್ದು ತಲೆಯ ಮೇಲಿನ ಗುಳ್ಳೆಯಲ್ಲಿ ಚಿತ್ರವಾಗಿ ಬರುತ್ತದೆ.

ಇಲ್ಲಿಯೇ ನಾನು ನೆನೆಸದ್ದು ನಡೆಯಿತು. ದಾದಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬ್ಯಾಂಕಿನ ಕಾಗದ ಬಂದರೂ ಮೊಮ್ಮಗನ ಮುಂದೆ ಹಿಡಿಯಬೇಕು. ಅವನು ಓದಿ ಹೇಳುವಾಗ ಗೊಣಗುವುದನ್ನು ಎಷ್ಟೋ ಸಲ ಕೇಳಿ ನನಗೇ ನೋವಾಗಿದೆ. ಆದರೆ ಈ ಆಟದಲ್ಲಿ ಓದುವಂಥದ್ದೇ ಇಲ್ಲವಲ್ಲ! ಪಟ್ಟಣದ ಬಾಗಿಲಲ್ಲಿ ಕಾವಲುಗಾರ ರೋಬೋಟನ್ನು ಒಳಗೆ ಬಿಡುತ್ತಿರಲಿಲ್ಲ. ಮಗ ಅರ್ಧ ಗಂಟೆ ಒದ್ದಾಡಿದ. ಹಿಂದೆ ತಸ್ಬೀಹ್ ಹಿಡಿದು ಕೂತಿದ್ದ ದಾದಿ, "ಅಲ್ಲೋ, ಪೊಲೀಸರ ತಲಿ ನೋಡು. ಟೊಪ್ಪಿಗಿ ಇಲ್ದ ಇವನ್ನ ಯಾರು ಬಿಡ್ತಾರ?" ಎಂದರು. ರಸ್ತೆಗಿಡುವ ಶಂಕುವನ್ನು ನೀಲಿ ಬಣ್ಣದಲ್ಲಿ ಅದ್ದಿ, ತುದಿಗೆ ಬಲ್ಬು ಸಿಕ್ಕಿಸಿ ತಲೆಗಿಟ್ಟದ್ದೇ ತಡ, ದಾರಿ ತೆರೆಯಿತು. ಮಗ ದಾದಿಯ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿದ.

"ಇದೂ ವ್ಯರ್ಥ ಕಾಲಹರಣವೇ ಅಲ್ಲವೇ?" ಎಂದು ನೀವು ಕೇಳಬಹುದು. ನನ್ನ ಯಜಮಾನರೂ ಕೇಳಿದರು. ಜೂಜು ನಿಷಿದ್ಧ, ನಿಜ. ಆದರೆ ಪ್ರವಾದಿವರ್ಯರು(ಸ) ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ್ದನ್ನೂ ನಾವು ಓದಿದ್ದೇವೆ. ಮಿತಿ ಬೇಕು, ಅಷ್ಟೇ. ಅಸರ್ ಅಝಾನ್ ಆದಾಗ "ಇನ್ನೊಂದು ನಿಮಿಷ" ಎಂದ ಮೊಮ್ಮಗನ ಮುಂದೆ ಲ್ಯಾಪ್‌ಟಾಪ್ ಮುಚ್ಚಿದ್ದು ನಾನಲ್ಲ, ದಾದಿಯೇ. ಪೂರ್ತಿ ಮುಗ್ಧ ಆಟವೆಂದು ನಾನು ಹೇಳಲಾರೆ. ಉತ್ತರದ ಪುಸ್ತಕ ತೆರೆಯಲು ಜೇಡಗಳಿಗೆ ಗುಂಡು ಹೊಡೆಯಬೇಕು. ಮಗ ಅದಕ್ಕೆಂದೇ ಆಗಾಗ ಉತ್ತರ ನೋಡುತ್ತಿದ್ದ!

ಮುಂದೆ ಒಂದು ಕಡೆ ಐದು ಗುರುತು ಸಾಲಾಗಿ ಕೂಡಿಸುವ ಪಂದ್ಯವಿದೆ. ಅಲ್ಲಿ ಇಬ್ಬರೂ ಸೋತರು. ಮರುದಿನ ನೋಡಿದರೆ ದಾದಿ ಪಡಸಾಲೆಯ ಬಂಡೆಯ ಮೇಲೆ ಇದ್ದಿಲಿನಿಂದ ಮನೆ ಬರೆದು, ಹುಣಸೆಬೀಜ ಹರಡಿಕೊಂಡು, "ಬಾ, ಮೊದಲ ಇಲ್ಲಿ ಕಲಿ" ಎಂದು ಮೊಮ್ಮಗನನ್ನು ಕೂಡಿಸಿಕೊಂಡಿದ್ದರು.