ಮನೆಗೆ ಸ್ಮಾರ್ಟ್ ಚಾರ್ಜರ್: ಕೊಳ್ಳುವ ಮುನ್ನ ಲೆಕ್ಕ ಹಾಕಿ



ವಿದ್ಯುತ್ ವಾಹನಗಳು ಈಗ ಹಳ್ಳಿಗಳಿಗೂ ಬಂದಿವೆ. ಸ್ಕೂಟರು ಕೊಂಡವರಿದ್ದಾರೆ, ಕಾರು ಕೊಳ್ಳುವ ಯೋಚನೆಯಲ್ಲಿರುವವರೂ ಇದ್ದಾರೆ. ಕಾರಿನ ಜೊತೆಗೆ ಗೋಡೆಗೆ ಕೂರಿಸುವ ಸ್ಮಾರ್ಟ್ ಚಾರ್ಜರ್ ಪೆಟ್ಟಿಗೆಯೂ ಬೇಕೇ ಎಂದು ಬಿತ್ತನೆ ಬೀಜಕ್ಕೆ ಬರುವವರು ನಮ್ಮನ್ನು ಕೇಳುವುದುಂಟು. ನಮ್ಮ ಹಳ್ಳಿಯ ಹೆಚ್ಚಿನ ಮನೆಗಳಿಗೆ ಸದ್ಯ ಅದು ಬೇಡವೆಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ಹೇಳುತ್ತೇನೆ, ಲೆಕ್ಕವನ್ನು ನೀವೇ ಹಾಕಿ ನೋಡಿರಿ.

ಈ ಪೆಟ್ಟಿಗೆಯ ಮುಖ್ಯ ಕೆಲಸ ವಿದ್ಯುತ್ ದರ ಅಗ್ಗವಾದ ಹೊತ್ತು ನೋಡಿ ಕಾರಿಗೆ ತಾನೇ ಚಾರ್ಜ್ ಮಾಡುವುದು. ಬ್ರಿಟನ್ನಿನಲ್ಲಿ ಮನೆ ಬಳಕೆಗೆ ಮಾರುವ ಚಾರ್ಜರ್ ಸ್ಮಾರ್ಟ್ ಆಗಿರಲೇಬೇಕೆಂಬ ನಿಯಮ 2022ರ ಜೂನ್ 30ರಿಂದ ಜಾರಿಯಲ್ಲಿದೆ. ಅಲ್ಲಿ ರಾತ್ರಿಯ ದರ ಬಹಳ ಕಡಿಮೆ ಇರುವ ಯೋಜನೆಗಳಿರುವುದರಿಂದ ಅದು ಲಾಭವೇ. ನಿಮ್ಮ ಮನೆಯ ಬಿಲ್ಲನ್ನು ತೆಗೆದು ನೋಡಿ. ಹಗಲಿಗೊಂದು, ರಾತ್ರಿಗೊಂದು ದರ ಅದರಲ್ಲಿ ಇಲ್ಲದಿದ್ದರೆ ಪೆಟ್ಟಿಗೆಯ ಜಾಣತನದಿಂದ ನಿಮಗೆ ಉಳಿಯುವುದೇನು?

ಎಷ್ಟು ವಿದ್ಯುತ್ ಬೇಕು?

ಚಿಕ್ಕ ಕಾರು ಒಂದು ಯೂನಿಟ್ಟಿಗೆ ಸುಮಾರು 6 ಕಿ.ಮೀ. ಓಡುತ್ತದೆಂದು ಹಿಡಿಯಿರಿ. ದಿನಕ್ಕೆ 30 ಕಿ.ಮೀ. ಓಡಾಟಕ್ಕೆ 5 ಯೂನಿಟ್. ತಿಂಗಳಲ್ಲಿ 25 ದಿನಕ್ಕೆ 125 ಯೂನಿಟ್. ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ 2ರಿಂದ 3 ಯೂನಿಟ್ ತುಂಬಬಹುದು. ಅಂದರೆ ರಾತ್ರಿ ಎರಡು-ಎರಡೂವರೆ ಗಂಟೆ ಸಾಕು. ಸ್ಕೂಟರಿಗೆ ಇಷ್ಟೂ ಬೇಡ.

ಪೆಟ್ಟಿಗೆಯ ಬೆಲೆ 30,000 ರೂಪಾಯಿ, ಅದರಿಂದ ಯೂನಿಟ್ಟಿಗೆ ಒಂದು ರೂಪಾಯಿ ಉಳಿತಾಯ ಎಂದೇ ಇಟ್ಟುಕೊಳ್ಳೋಣ. ತಿಂಗಳಿಗೆ 125, ವರ್ಷಕ್ಕೆ 1,500 ರೂಪಾಯಿ. ಹಾಕಿದ ಹಣ ಹಿಂದಿರುಗಲು 20 ವರ್ಷ ಬೇಕು! ಬೇಗ ಚಾರ್ಜ್ ಆಗುವುದೆಂಬ ಮಾತಿಗೂ ಮಿತಿಯಿದೆ. ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದಾದರೆ, ಗೋಡೆಗೆ 7.2 ಕಿಲೋವ್ಯಾಟ್ ಪೆಟ್ಟಿಗೆ ಕೂರಿಸಿದರೂ ಕಾರು ಎಳೆದುಕೊಳ್ಳುವುದು 3.3 ಮಾತ್ರ. ಒಂದಿಂಚು ನೀರು ಕೊಡುವ ಕೊಳವೆ ಬಾವಿಗೆ ಹತ್ತು ಎಚ್.ಪಿ. ಪಂಪು ಇಳಿಸುವವರುಂಟೇ?

ನಿಜವಾದ ಎಚ್ಚರಿಕೆ

ಲೆಕ್ಕ ತಪ್ಪುವ ಜಾಗ ಬೇರೆಯೇ ಇದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಮನೆಯ ಬಳಕೆ 80, ಕಾರಿನದು 125 ಆದರೆ ಒಟ್ಟು 205. ಐದು ಯೂನಿಟ್ಟಿನಿಂದ ಇಡೀ ರಿಯಾಯಿತಿ ಕೈತಪ್ಪುತ್ತದೆ. 200ರ ಒಳಗಿದ್ದರೂ ನಿಮಗೆ ಗೊತ್ತುಪಡಿಸಿದ ಪ್ರಮಾಣಕ್ಕಿಂತ ಹೆಚ್ಚಾದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. ಸ್ಮಾರ್ಟ್ ಪೆಟ್ಟಿಗೆ ಯೂನಿಟ್ ಎಣಿಸಿ ಹೇಳುತ್ತದೆ, ನಿಜ. ಆದರೆ ಕಾರಿನ ಪ್ಲಗ್ಗಿಗೆ ಹಾಕಿಸಿದ ಒಂದು ಸಬ್ ಮೀಟರ್ ಕೂಡ ಅದೇ ಕೆಲಸವನ್ನು ಅಗ್ಗದಲ್ಲಿ ಮಾಡುತ್ತದೆ. ವಾಹನಕ್ಕೆ ಪ್ರತ್ಯೇಕ ಮೀಟರ್ ಪಡೆಯುವ ಬಗ್ಗೆ ಎಸ್ಕಾಂ ಶಾಖಾ ಕಚೇರಿಯಲ್ಲಿ ವಿಚಾರಿಸಿರಿ.

ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿನಿಂದ ಕಾರು ಚಾರ್ಜ್ ಮಾಡುವ ಆಸೆಗೆ ಮಾತ್ರ ಬೀಳಬೇಡಿ. 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೇ ಕಲಮಿನ ಪ್ರಕಾರ ಅದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡರಷ್ಟು ತೆರಬೇಕಾಗುತ್ತದೆ.

ಹಣ ಎಲ್ಲಿ ಹಾಕಬೇಕು?

ಮೊದಲು ಅರ್ತಿಂಗಿಗೆ. ಅರ್ತ್ ಗುಂಡಿ ಸರಿಯಿಲ್ಲದ ಮನೆಯಲ್ಲಿ ಕಾರು ಚಾರ್ಜ್ ಮಾಡುವುದು ಜೀವಕ್ಕೆ ಅಪಾಯ. ಅನೇಕ ಕಾರುಗಳು ಅರ್ತ್ ಇಲ್ಲದಿದ್ದರೆ ಚಾರ್ಜ್ ಆಗುವುದೂ ಇಲ್ಲ. ಎರಡನೆಯದಾಗಿ, ಮೀಟರ್ ಬೋರ್ಡಿನಿಂದ ಕಾರಿನ ಪ್ಲಗ್ಗಿಗೆ ಬೇರೆಯದೇ ಆದ 4 ಚದರ ಮಿ.ಮೀ. ತಾಮ್ರದ ತಂತಿ ಎಳೆಸಿರಿ. ಅದಕ್ಕೆ ತಕ್ಕ ಎಂ.ಸಿ.ಬಿ. ಮತ್ತು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲಿ. ಎಕ್ಸ್‌ಟೆನ್ಷನ್ ಬೋರ್ಡು ಕೂಡದು. ಮೂರನೆಯದಾಗಿ, ಮಂಜೂರಾದ ಲೋಡು ಒಂದೆರಡು ಕಿಲೋವ್ಯಾಟ್ ಮಾತ್ರವಿದ್ದರೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿರಿ. ಈ ಕೆಲಸಗಳನ್ನು ಪರವಾನಗಿ ಪಡೆದವರಿಂದಲೇ ಮಾಡಿಸಿರಿ.

ಸ್ಮಾರ್ಟ್ ಚಾರ್ಜರ್ ಯಾರಿಗೂ ಬೇಡವೆಂದಲ್ಲ. ದಿನಕ್ಕೆ ನೂರಿನ್ನೂರು ಕಿ.ಮೀ. ಓಡಿಸುವವರಿಗೆ, ಎರಡು ಕಾರು ಇರುವ ಮನೆಗೆ, ಮಾಳಿಗೆಯ ಮೇಲೆ ಸೌರ ಫಲಕವಿದ್ದು ಬಿಸಿಲಿನ ವಿದ್ಯುತ್ತನ್ನೇ ಕಾರಿಗೆ ತುಂಬಬೇಕೆನ್ನುವವರಿಗೆ ಅದು ಉಪಯುಕ್ತ. ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ ಬಿಸಿಲಿನ ಹೊತ್ತು ಕಡಿಮೆ, ಬೇಡಿಕೆಯ ಹೊತ್ತು ಹೆಚ್ಚು ದರ ವಿಧಿಸಲು ಕೇಂದ್ರದ 2023ರ ನಿಯಮಗಳು ಹೇಳುತ್ತವೆ. ಅಂಥ ದರ ನಿಮ್ಮ ಬಿಲ್ಲಿನಲ್ಲಿ ಕಾಣಿಸಿಕೊಂಡ ದಿನ ಈ ಲೆಕ್ಕವನ್ನು ಮತ್ತೆ ಹಾಕಿರಿ.

ಅಲ್ಲಿಯವರೆಗೆ ಒಳ್ಳೆಯ ಅರ್ತು, ದಪ್ಪ ತಂತಿ, ಒಂದು ಸಬ್ ಮೀಟರು: ಇಷ್ಟು ಸಾಕು. ಉಳಿದ ಹಣ ಹೊಲಕ್ಕೆ ಬೇಕಾಗುತ್ತದೆ.