ಶಕ್ತಿಯ ಪಾಠ ಊರಿನಿಂದಲೇ ಶುರುವಾಗಲಿ

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಮುತ್ತಲ ಮಕ್ಕಳು ಸೌರಶಕ್ತಿಯನ್ನು ಪುಸ್ತಕದ ಚಿತ್ರದಲ್ಲಿ ನೋಡಬೇಕಿಲ್ಲ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಅವರ ಮನೆತನದ ಹೊಲಗಳಲ್ಲೇ ಎದ್ದು ನಿಂತಿದೆ. ಸರ್ಕಾರ ಆ ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆಯಿತು. ಮಳೆ ನಂಬಿ ಶೇಂಗಾ ಬಿತ್ತಿ ಸೋತ ರೈತರಿಗೆ ಅದು ನಿಶ್ಚಿತ ಆದಾಯ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆ ಹಣದಲ್ಲಿ ಪಾಲಿಲ್ಲ.

ಈ ಎರಡೂ ಸಂಗತಿ ಪಾಠದೊಳಗೆ ಬರಬೇಕು. ಆರರಿಂದ ಎಂಟನೇ ತರಗತಿಯ ಮಕ್ಕಳ ಕೈಗೆ ಸಿಗುವುದು ಬಹುಪಾಲು ಒಂದು ಪಟ್ಟಿ: ಕಲ್ಲಿದ್ದಲು, ಪೆಟ್ರೋಲು ಮುಗಿಯುವಂಥವು; ಬಿಸಿಲು, ಗಾಳಿ, ನೀರು ಮುಗಿಯದಂಥವು. ಪಟ್ಟಿ ಸರಿಯಾಗಿಯೇ ಇದೆ. ಎಷ್ಟು ಸಿಗುತ್ತದೆ, ಯಾವಾಗ ಸಿಗುತ್ತದೆ, ಯಾರಿಗೆ ಸಿಗುತ್ತದೆ ಎಂಬುದು ಮಾತ್ರ ಅದರಲ್ಲಿಲ್ಲ. ಗುಣಾಕಾರ, ಶೇಕಡಾ ಕಲಿತ ಮಕ್ಕಳು ಆ ಲೆಕ್ಕ ಮಾಡಬಲ್ಲರು.

ಮೊದಲ ಪಾಠಕ್ಕೆ ಮನೆಯ ಮೀಟರ್ ಸಾಕು. ಸಾವಿರ ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಹಳೆಯ 60 ವಾಟ್ ಬಲ್ಬು ಒಂದು ಯೂನಿಟ್‌ನಲ್ಲಿ ಹದಿನೇಳು ಗಂಟೆಯೂ ಉರಿಯದು. 9 ವಾಟ್‌ನ ಎಲ್‌ಇಡಿ ನೂರು ಗಂಟೆ ದಾಟುತ್ತದೆ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಕಟ್ಟುವ ಮೊತ್ತ ಸೊನ್ನೆಯಾಗಿದೆ, ಆದರೆ ಬಳಸಿದ ಯೂನಿಟ್ ಬಿಲ್ಲಿನಲ್ಲಿ ಈಗಲೂ ಅಚ್ಚಾಗುತ್ತದೆ. ಮಕ್ಕಳು ಓದಬೇಕಾದ್ದು ಆ ಅಂಕಿಯನ್ನು.

ಮುಂದಿನ ಪಾಠಕ್ಕೆ ಒಂದು ಚಿಕ್ಕ ಸೌರಫಲಕ, ಒಂದು ಮಲ್ಟಿಮೀಟರ್ ಬೇಕು. ನಡುಹಗಲ ಬಿಸಿಲಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು ಸಾವಿರ ವಾಟ್ ಶಕ್ತಿ ಬೀಳುತ್ತದೆ. ಫಲಕ ಅದರಲ್ಲಿ ಐದನೇ ಒಂದು ಭಾಗದಷ್ಟನ್ನು ವಿದ್ಯುತ್ತಾಗಿಸುತ್ತದೆ. ಮಕ್ಕಳು ಫಲಕದ ಒಂದು ಮೂಲೆಗೆ ಅಂಗೈ ಅಡ್ಡ ಹಿಡಿದು ನೋಡಲಿ. ಕೋಶಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಒಂದಕ್ಕೆ ನೆರಳು ಬಿದ್ದರೂ ಇಡೀ ಫಲಕದ ಕರೆಂಟ್ ಕುಸಿಯುತ್ತದೆ. ಶಾಲೆಯ ಚಾವಣಿಗೆ ಬಾಗಿದ ತೆಂಗಿನ ಗರಿಯ ಬೆಲೆ ಎಷ್ಟೆಂದು ಆಗ ಯಾರೂ ಹೇಳಿಕೊಡಬೇಕಿಲ್ಲ.

ಚಿತ್ರದುರ್ಗದ ಜೋಗಿಮಟ್ಟಿ, ಗದಗದ ಕಪ್ಪತಗುಡ್ಡದ ಕಡೆಯ ಶಾಲೆಗಳಿಗೆ ಗಾಳಿಯಂತ್ರಗಳು ಕಣ್ಣಳತೆಯಲ್ಲಿವೆ. ಜೂನ್ ತಿಂಗಳಿಂದ ಮುಂಗಾರು ಮೋಡ ಸೌರಫಲಕಗಳನ್ನು ಮಂಕಾಗಿಸುವ ಹೊತ್ತಿಗೇ ಆ ರೆಕ್ಕೆಗಳು ರಭಸದಿಂದ ತಿರುಗುತ್ತವೆ. ಒಂದರ ಕೊರತೆಯನ್ನು ಇನ್ನೊಂದು ಎಷ್ಟು ತುಂಬುತ್ತದೆ ಎಂದು ಮಳೆಗಾಲವಿಡೀ ದಿನಚರಿ ಬರೆಸಬಹುದು.

ಆದರೆ ಪಾಠಕ್ಕೆ ಎಲ್ಲಕ್ಕಿಂತ ಒದಗುವ ಕಥೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಊರಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ತಂಡ ಹುಟ್ಟಿತು. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆಯನ್ನು ನಾಡಿನ ಅಡುಗೆಮನೆಗಳಿಗೆ ಕೊಟ್ಟ ತಂಡವೇ ಇದು. ಪುರದಲ್ಲಿ ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಮನೆಮನೆಗೆ ಅಡುಗೆ ಅನಿಲ ಕೊಡುವುದು ಅವರ ಮೊದಲ ಯೋಚನೆಯಾಗಿತ್ತು. ಎಲ್ಲ ಒಲೆಗಳಿಗೂ ಆಗುವಷ್ಟು ಸಗಣಿ ಒದಗಲಿಲ್ಲ. ತಂಡ ಯೋಜನೆಯನ್ನೇ ಬದಲಿಸಿತು. 1987ರಲ್ಲಿ ಅದೇ ಗೋಬರ್ ಗ್ಯಾಸಿಗೆ ಸ್ವಲ್ಪ ಡೀಸೆಲ್ ಜೊತೆ ಮಾಡಿ ಎಂಜಿನ್ ಓಡಿಸಿದರು. ಕೊಳವೆಬಾವಿಯಿಂದ ನೀರು ಮೇಲೆ ಬಂತು, ಮನೆಗಳಲ್ಲಿ ದೀಪ ಹತ್ತಿತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಕಾಸು ಸಿಕ್ಕಿತು, ಅನಿಲ ತೆಗೆದ ಬಗ್ಗಡ ಗೊಬ್ಬರವಾಗಿ ವಾಪಸಾಯಿತು.

ಅಡುಗೆ ಅನಿಲದ ಮೊದಲ ಯೋಜನೆ ಎಲ್ಲಿ ಎಡವಿತು ಎಂಬುದನ್ನು ಏಳನೇ ತರಗತಿಯ ಮಕ್ಕಳೇ ಕಂಡುಹಿಡಿಯಬಲ್ಲರು. ಒಂದು ಕಿಲೋ ಸಗಣಿಯಿಂದ ಸುಮಾರು 40 ಲೀಟರ್ ಅನಿಲ. ಹಸು ದಿನಕ್ಕೆ ಹತ್ತು ಕಿಲೋ ಸಗಣಿ ಹಾಕುತ್ತದೆ ಎಂದುಕೊಂಡರೆ 400 ಲೀಟರ್. ಐದು ಜನರ ಮನೆಯ ಅಡುಗೆಗೆ ದಿನಕ್ಕೆ ಸಾವಿರ ಲೀಟರಿಗೂ ಹೆಚ್ಚು ಬೇಕು. ಊರಿನಲ್ಲಿ ಎಷ್ಟು ಮನೆಗೆ ಮೂರು-ನಾಲ್ಕು ದನಗಳಿವೆ? ಮಕ್ಕಳು ಬೀದಿ ಸುತ್ತಿ ಎಣಿಸಿಕೊಂಡು ಬರಲಿ.

ಇದಕ್ಕೆಲ್ಲ ಸಮಯವೆಲ್ಲಿದೆ ಎಂದು ಶಿಕ್ಷಕರು ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಪಠ್ಯ ಮುಗಿಸುವ ಒತ್ತಡವಿದೆ, ಪಾಠದಾಚೆಯ ಕೆಲಸಗಳ ಹೊರೆಯೂ ಇದೆ. ಆದ್ದರಿಂದ ಶಿಕ್ಷಣ ಇಲಾಖೆ ಮೊದಲು ಬದಲಿಸಬೇಕಾದ್ದು ಪ್ರಶ್ನೆಪತ್ರಿಕೆಯನ್ನು. ಮೂರು ಉದಾಹರಣೆ ಕೊಡಿ ಎಂಬಲ್ಲಿ ಹೀಗೆ ಕೇಳಲಿ: ಒಂದು ಮನೆಗೆ ತಿಂಗಳಿಗೆ 60 ಯೂನಿಟ್ ಬೇಕು, ಒಂದು ಕಿಲೋವಾಟ್ ಸೌರಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ಆ ಮನೆಗೆ ಎಷ್ಟು ದೊಡ್ಡ ಫಲಕ ಬೇಕು, ರಾತ್ರಿಯ ದೀಪಕ್ಕೆ ಏನು ಮಾಡುವಿರಿ? ಅರ್ಧ ಕಿಲೋವಾಟ್ ಎಂಬ ಉತ್ತರಕ್ಕೆ ಎರಡು ಅಂಕ ಕೊಡಲಿ, ರಾತ್ರಿಯ ಬಗ್ಗೆ ಮಗು ಬರೆಯುವ ನಾಲ್ಕು ಸಾಲಿಗೆ ಮೂರು ಅಂಕ. ಇಂಥ ಪ್ರಶ್ನೆ ಪರೀಕ್ಷೆಗೆ ಬಂದ ವರ್ಷವೇ ಮಲ್ಟಿಮೀಟರ್ ಬೀರುವಿನಿಂದ ಹೊರಗೆ ಬರುತ್ತದೆ.